ಅಗ್ಗದ ದ್ರಾಕ್ಷಾರಸ ಮತ್ತು ಒಗರಿನ ಪಾಠ



ಕಳೆದ ಚಳಿಗಾಲದಲ್ಲಿ ನಾನೂ ನನ್ನ ಶ್ರೀಮತಿಯೂ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆವು. ಆಗ ಮಗಳು ತೆಗೆದ ಒಂದು ಛಾಯಾಚಿತ್ರ ಹೇಗೋ ನಿಮ್ಮಲ್ಲಿ ಹಲವರ ಕೈ ಸೇರಿತು. ಊಟದ ಮೇಜಿನ ಮೇಲೆ ಬಿಸಿಬೇಳೆ ಬಾತಿನ ಪಾತ್ರೆ, ಅದರ ಹಿಂದೆ ಕಂಬಳಿ ಹೊದ್ದು ಕುಳಿತ ನಾನು, ನನ್ನ ಮುಂದೆ ಉದ್ದ ಕಾಲಿನ ಗಾಜಿನ ಲೋಟದಲ್ಲಿ ಎರಡು ಬೆರಳಿನಷ್ಟು ಕೆಂಪು ದ್ರವ. ನಾಲ್ಕೇ ದಿನಗಳಲ್ಲಿ 1986ರ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿ ದೂರವಾಣಿ ಮಾಡಿದ. ಕ್ಷೇಮಸಮಾಚಾರವೆಲ್ಲ ಮುಗಿದ ಮೇಲೆ ತುಸು ತಡೆದು, "ಸಾರ್, ಆ ಫೋಟೋದಲ್ಲಿ ಇದ್ದದ್ದು ಮುರುಗಲ ಹಣ್ಣಿನ ಶರಬತ್ತು ತಾನೇ?" ಎಂದು ಕೇಳಿದ.

"ಅಲ್ಲಪ್ಪ, ಅದು ವೈನು" ಎಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಅನಂತರ, "ಹೌದಾ ಸಾರ್... ಇರಲಿ ಬಿಡಿ" ಎಂದು ಬೇರೆ ಮಾತಿಗೆ ಹೊರಳಿದ.

ಅವನು ಬಿಟ್ಟರೂ ನನಗೆ ಬಿಡಲಾಗಲಿಲ್ಲ. ಹಾಗೆ ಕೇಳುವ ಹಕ್ಕು ಉಳಿದೆಲ್ಲರಿಗಿಂತ ಅವನಿಗೆ ಹೆಚ್ಚಾಗಿ ಉಂಟು. ಅದು ಏಕೆಂಬುದನ್ನು ಈ ಬರಹದ ಕೊನೆಯಲ್ಲಿ ಹೇಳುತ್ತೇನೆ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ನನಗೆ ಆ ಮಾತಿನ ಆಸರೆಯೂ ಇಲ್ಲ, ಏಕೆಂದರೆ ನಾನು ಕುಡಿದದ್ದು ಮಜ್ಜಿಗೆಯಲ್ಲ. ಎಪ್ಪತ್ತು ದಾಟುವ ತನಕ ಮುಟ್ಟದಿದ್ದ ಪದಾರ್ಥವನ್ನು ರುಚಿ ನೋಡಿದ ಮೇಲೆ, ತರಗತಿಯಲ್ಲಿ ನಿಮಗೆ ಹೇಳಿದ ಮಾತುಗಳಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತೇನೆ, ಯಾವುದನ್ನು ಹಿಂದಕ್ಕೆ ಪಡೆಯುತ್ತೇನೆ ಎಂಬ ಲೆಕ್ಕವನ್ನು ಒಪ್ಪಿಸುವುದು ನನ್ನ ಕರ್ತವ್ಯ.

ನಾನು ಹುಟ್ಟಿ ಬೆಳೆದ ಮಲೆನಾಡಿನ ಮನೆಯಲ್ಲಿ ಮದ್ಯದ ಹೆಸರನ್ನೂ ಎತ್ತುವಂತಿರಲಿಲ್ಲ. ಆದರೆ ಅದೇ ಮನೆಯ ಗೋಡೆಯ ಗೂಡಿನಲ್ಲಿ ದ್ರಾಕ್ಷಾರಿಷ್ಟದ ಸೀಸೆಯೊಂದು ಸದಾ ಇರುತ್ತಿತ್ತು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಸೇರಿಸಿ, ಬಾಯಿ ಕಟ್ಟಿ ಹುಳಿಯಲು ಇಟ್ಟು ಮಾಡುವ ಔಷಧ ಅದು. ಊಟವಾದ ಮೇಲೆ ಅಜ್ಜಿ ಎರಡು ಚಮಚೆ ಸೇವಿಸುತ್ತಿದ್ದಳು. ತಾನಾಗಿ ಹುಟ್ಟಿದ ಮದ್ಯಸಾರ ಶೇಕಡಾ 5ರಿಂದ 10ರಷ್ಟು ಇದೆ ಎಂದು ಇಂದಿನ ಸೀಸೆಗಳ ಮೇಲೆ ಅಚ್ಚು ಹಾಕಿರುತ್ತಾರೆ. ಚಮಚೆಯಲ್ಲಿ ಕುಡಿದರೆ ಔಷಧ, ಲೋಟದಲ್ಲಿ ಕುಡಿದರೆ ಪಾಪ ಎಂಬುದು ನಮ್ಮ ಮನೆಯ ಧರ್ಮಶಾಸ್ತ್ರವಾಗಿತ್ತು. ನಾನೂ ಅದನ್ನು ಪ್ರಶ್ನಿಸಿದವನಲ್ಲ.

ಐಂಡ್‌ಹೋವನ್ನಿನ ದಿನಸಿ ಅಂಗಡಿಯಲ್ಲಿ ವೈನಿನ ಬಾಟಲಿಗಳು ಹಾಲು, ರೊಟ್ಟಿಗಳ ಪಕ್ಕದಲ್ಲಿಯೇ ಇರುತ್ತವೆ. ಪೋರ್ಚುಗಲ್, ಸ್ಪೇನ್, ಇಟಲಿ, ಚಿಲಿ, ಅರ್ಜೆಂಟೀನ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ ಎಂದು ಸಾಲಾಗಿ ಓದುತ್ತ ಹೋದರೆ ಭೂಗೋಳದ ಪಾಠವೇ ಆಗುತ್ತದೆ. ಬೆಲೆ ನೋಡಿ ನಾನು ಬೆಚ್ಚಿದೆ. ನಾಲ್ಕು ಯೂರೋ, ಐದು ಯೂರೋ! ಅಲ್ಲಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿಯಲು ಇದಕ್ಕಿಂತ ಬಹಳ ಕಡಿಮೆಯೇನೂ ಆಗದು.

ಅಗ್ಗ ಎಂಬ ಮಾತಿಗೆ ನನ್ನ ಮನಸ್ಸಿನಲ್ಲಿ ಬೇರೆಯೇ ಅರ್ಥವಿದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಅಗ್ಗದ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ವರ್ಷಗಳಾಗಿರಲಿಲ್ಲ. ಎಥನಾಲಿಗೂ ಮೆಥನಾಲಿಗೂ ಇರುವ ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗಲೆಲ್ಲ ಆ ಸುದ್ದಿ ನೆನಪಾಗುತ್ತಿತ್ತು. ಆದ್ದರಿಂದ ಬಾಟಲಿಯನ್ನು ಹಿಡಿದು ಅಳಿಯನನ್ನು, "ಇಷ್ಟು ಕಡಿಮೆಗೆ ಕೊಡುತ್ತಾರೆಂದರೆ ಇದರಲ್ಲಿ ಏನು ಬೆರೆಸಿರಬಹುದು?" ಎಂದು ಕೇಳಿದೆ. ಅವನು ನಕ್ಕ. ಆದರೆ ನನ್ನ ಸಂಶಯ ಪೂರ್ತಿ ಮೂಢವಾದುದಲ್ಲ. 1986ರಲ್ಲಿ ಇಟಲಿಯಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು 20ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಲಾಭಕೋರತನಕ್ಕೆ ಪೂರ್ವ ಪಶ್ಚಿಮಗಳ ಭೇದವಿಲ್ಲ. ಆ ದುರಂತದ ಅನಂತರ ಅಲ್ಲಿ ತಪಾಸಣೆಯ ಕಟ್ಟುನಿಟ್ಟು ಹೆಚ್ಚಿತು.

ಹಾಗಾದರೆ ಈ ಬಾಟಲಿ ಅಗ್ಗವಾದದ್ದು ಹೇಗೆ? ಮೂರು ತಿಂಗಳಲ್ಲಿ ಓದಿ ಕೇಳಿ ತಿಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ದುಬಾರಿ ವೈನನ್ನು ಓಕ್ ಮರದ ಪೀಪಾಯಿಗಳಲ್ಲಿಟ್ಟು ಮಾಗಿಸುತ್ತಾರೆ. ಒಂದು ಪೀಪಾಯಿಗೆ ಹಿಡಿಸುವುದು ಸಾಮಾನ್ಯವಾಗಿ 225 ಲೀಟರ್. ಒಂದು ಬಾಟಲಿಗೆ 750 ಮಿಲಿಲೀಟರ್. ಭಾಗಿಸಿದರೆ 300 ಬಾಟಲಿ. ಹೊಸ ಫ್ರೆಂಚ್ ಪೀಪಾಯಿಯ ಬೆಲೆ ಸಾವಿರ ಯೂರೋಗಳ ಆಸುಪಾಸಿನಲ್ಲಿರುವುದರಿಂದ ಬಾಟಲಿಯೊಂದಕ್ಕೆ ಮೂರು ಯೂರೋಗಳಷ್ಟು ಮರದ ಬಾಬತ್ತೇ ಆಯಿತು! ಅಗ್ಗದ ವೈನಿನಲ್ಲಿ ಈ ಖರ್ಚಿಲ್ಲ. ಸಮತಟ್ಟು ನೆಲದಲ್ಲಿ ಯಂತ್ರದಿಂದ ಕೊಯ್ದ ಹಣ್ಣನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಹುಳಿಸಿ, ಕೆಲವು ತಿಂಗಳಲ್ಲಿಯೇ ಮಾರುತ್ತಾರೆ. ದೂರದೇಶದ್ದನ್ನು ಎಷ್ಟೋ ಸಲ ಬಾಟಲಿಯಲ್ಲಿ ಕಳುಹಿಸದೆ, ಹಡಗಿನಲ್ಲಿ ಭಾರಿ ಚೀಲಗಳಲ್ಲಿ ತುಂಬಿ ತಂದು ಇಲ್ಲಿ ಬಾಟಲಿಗೆ ಇಳಿಸುತ್ತಾರೆ. ಆದ್ದರಿಂದ ಅಗ್ಗದ ಬಾಟಲಿಯಲ್ಲಿ ಇಲ್ಲದಿರುವುದು ಮರದ ಪರಿಮಳ, ಹಲವು ವರ್ಷ ಬಾಳುವ ಶಕ್ತಿ ಮತ್ತು ವಂಶದ ಹೆಸರು. ಇರುವುದು ಹಣ್ಣು. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷದೊಳಗೆ ಊಟದೊಡನೆ ಮುಗಿಯಲೆಂದೇ ಮಾಡಿದ್ದು.

ಅಳಿಯ ಮೂರು ನಿಯಮಗಳನ್ನು ಹಾಕಿದ. "ಮಾವ, ವಾರಕ್ಕೆ ಒಂದೇ ಬಾಟಲಿ. ಆರು ಯೂರೋ ದಾಟಬಾರದು. ಪ್ರತಿ ವಾರ ಬೇರೆ ದೇಶ." ನಾಲ್ಕನೆಯದನ್ನು ನನ್ನ ಶ್ರೀಮತಿ ಸೇರಿಸಿದಳು: "ಊಟವಿಲ್ಲದೆ ಮುಚ್ಚಳ ತೆಗೆಯುವ ಹಾಗಿಲ್ಲ." ಅವಳು ಒಂದು ತೊಟ್ಟನ್ನೂ ಕುಡಿಯಲಿಲ್ಲ, ಮೂಸಿ ನೋಡಿದಳು ಅಷ್ಟೇ. ನಮ್ಮೆಲ್ಲರಿಗಿಂತ ಒಳ್ಳೆಯ ಪರೀಕ್ಷಕಿ ಅವಳೇ ಆದಳು.

ಮೊದಲ ಗುಟುಕಿನಲ್ಲಿ ನನಗೆ ಏನೂ ಇಷ್ಟವಾಗಲಿಲ್ಲ. ಅದು ದಕ್ಷಿಣ ಫ್ರಾನ್ಸಿನ ಎಳೆಯ ಕೆಂಪು ವೈನು. ಹಲ್ಲು, ವಸಡು, ಕೆನ್ನೆಯ ಒಳಭಾಗ ಎಲ್ಲ ಬಿಗಿದುಕೊಂಡಂತಾಯಿತು. ಮಗಳು, "ಅಪ್ಪಯ್ಯ, ಅದು ಟ್ಯಾನಿನ್. ರೂಢಿಯಾಗಲು ಹೊಸಬರಿಗೆ ಸ್ವಲ್ಪ ಕಾಲ ಬೇಕು" ಎಂದಳು. ನನಗೆ ನಗು ಬಂತು. ಅಡಿಕೆ ಬೇಯಿಸುವ ಹಂಡೆಯ ಚೊಗರನ್ನು ಮುಟ್ಟಿ ಬೆಳೆದವನಿಗೆ, ಹಸಿ ಅಡಿಕೆ, ಎಳೆ ಬಾಳೆಕಾಯಿ, ನೇರಳೆ ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡವನಿಗೆ ಈ ಪಾಠವೇ? ಅದು ಒಗರು! ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ನಮ್ಮ ಹಿರಿಯರು ಎಣಿಸಿದ ಆರು ರಸಗಳಲ್ಲಿ ಕೊನೆಯದು. ಪಾಶ್ಚಾತ್ಯ ಪಠ್ಯಪುಸ್ತಕಗಳು ಸಿಹಿ, ಹುಳಿ, ಉಪ್ಪು, ಕಹಿ ಎಂದು ನಾಲ್ಕನ್ನು ಹೇಳಿ ಬಹುಕಾಲ ಅಲ್ಲಿಗೇ ನಿಂತಿದ್ದವು. ನಿಜ ಹೇಳಬೇಕೆಂದರೆ ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಟ್ಯಾನಿನ್ನು ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಂಟುಕಟ್ಟುತ್ತದೆ. ಜಾರಿಕೆ ಹೋಗಿ ಬಾಯಿ ತರಿತರಿಯಾಗುತ್ತದೆ. ಕಡು ಚಹಾಕ್ಕೆ ಹಾಲು ಬೆರೆಸಿದರೆ ಒಗರು ತಗ್ಗುವುದೂ ಇದೇ ಕಾರಣಕ್ಕೆ: ಹಾಲಿನ ಪ್ರೋಟೀನು ಟ್ಯಾನಿನ್ನನ್ನು ತನ್ನತ್ತ ಸೆಳೆದುಕೊಳ್ಳುತ್ತದೆ.

ಈ ಒಂದು ಮಾತು ತಿಳಿದ ಮೇಲೆ ವೈನು ಮತ್ತು ಊಟದ ಹೊಂದಾಣಿಕೆಯ ಅರ್ಧ ಶಾಸ್ತ್ರ ತಾನಾಗಿ ಬಿಡಿಸಿಕೊಂಡಿತು. ಆ ದಿನವೇ ಅದೇ ಒಗರು ವೈನಿನ ಜೊತೆಗೆ ಹಳೆಯ ಗೌಡ ಗಿಣ್ಣಿನ ಒಂದು ಚೂರನ್ನು ಅಳಿಯ ಕೊಟ್ಟ. ಇದು ನಮ್ಮ ಗೌಡರಲ್ಲ, ಹಾಲೆಂಡಿನ ಒಂದು ಊರಿನ ಹೆಸರು. ಗಿಣ್ಣಿನ ಕೊಬ್ಬು, ಉಪ್ಪು, ಪ್ರೋಟೀನುಗಳ ಮುಂದೆ ಒಗರು ಮಣಿಯಿತು. ಹಣ್ಣು ಮುಂದೆ ಬಂತು. ಎರಡೂ ಹಿಂದಿಗಿಂತ ಒಳ್ಳೆಯವಾದವು. ಒಳ್ಳೆಯ ಜೋಡಿ ಎಂದರೆ ಇದೇ ಇರಬೇಕು.

ಮೂರು ತಿಂಗಳ ನನ್ನ ಟಿಪ್ಪಣಿ ಪುಸ್ತಕದಿಂದ ಕೆಲವನ್ನು ಇಲ್ಲಿ ಕೊಡುತ್ತೇನೆ.

ಪೋರ್ಚುಗಲ್ಲಿನ ವಿನ್ಯೊ ವರ್ದೆ. ಹೆಸರಿನ ಅರ್ಥ 'ಹಸಿರು ವೈನ್'. ಹಸಿರೆಂದರೆ ಬಣ್ಣವಲ್ಲ, ಎಳೆತನ. ಆ ದೇಶದ ವಾಯವ್ಯದ ಮಳೆನಾಡಿನಲ್ಲಿ ಬೆಳೆಯುವ ದ್ರಾಕ್ಷಿಯದು. ಮದ್ಯಸಾರ ಕಡಿಮೆ, ಹುಳಿ ಚುರುಕು, ನಾಲಿಗೆಯ ಮೇಲೆ ಸಣ್ಣಗೆ ಗುಳ್ಳೆ. ಅಲ್ಲಿಯವರು ಸುಟ್ಟ ಮೀನಿನೊಡನೆ ಕುಡಿಯುತ್ತಾರಂತೆ. ನಾವು ಈರುಳ್ಳಿ ಬಜ್ಜಿಯೊಡನೆ ಕುಡಿದೆವು. ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ಬಜ್ಜಿಯ ಮೇಲೆ ನಿಂಬೆ ಹಿಂಡುವುದರ ಹಿಂದಿನ ತತ್ತ್ವವೂ ಇದೇ. 4 ಯೂರೋಗಳ ಈ ಬಾಟಲಿ ಇಡೀ ಚಳಿಗಾಲದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟಿತು.

ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್. ನದಿಯ ಮೇಲಿನ ಕಡಿದಾದ ಕಲ್ಲುಹಲಗೆಯ ಇಳಿಜಾರಿನಲ್ಲಿ ಬೆಳೆಯುತ್ತದೆ. ತುಸು ಸಿಹಿ, ತುಂಬ ಹುಳಿ. ಖಾರಕ್ಕೆ ಇದೇ ಸರಿಯಾದ ಗೆಳೆಯ. ಮದ್ಯಸಾರ ಹೆಚ್ಚಿದ್ದಷ್ಟೂ ಮೆಣಸಿನ ಉರಿ ಹೆಚ್ಚುತ್ತದೆ. ಸಿಹಿ ಅದನ್ನು ತಣಿಸುತ್ತದೆ. ಫೋಟೋದಲ್ಲಿದ್ದ ಬಿಸಿಬೇಳೆ ಬಾತಿಗೆ ಅಂದು ಸ್ಪೇನಿನ ಕೆಂಪು ವೈನನ್ನು ಜೊತೆ ಮಾಡಿ ತಪ್ಪಿದ್ದೆವು. ಒಗರೂ ಖಾರವೂ ಸೇರಿ ಬಾಯಿ ಬೆಂಕಿಯಾಗಿತ್ತು. ಮರುವಾರ ರೀಸ್ಲಿಂಗ್ ಬಂದು ಆ ತಪ್ಪನ್ನು ತಿದ್ದಿತು.

ಚಿಲಿಯ ಕಾರ್ಮೆನೇರ್. ಲೋಟವನ್ನು ಮೂಗಿನ ಬಳಿಗೆ ತಂದೊಡನೆ ಶ್ರೀಮತಿ, "ಇದೇನು, ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ!" ಎಂದಳು. ಅಳಿಯ ಚಕಿತನಾದ. ಆ ದ್ರಾಕ್ಷಿಯಲ್ಲಿಯೂ ದೊಣ್ಣೆಮೆಣಸಿನಕಾಯಿಯಲ್ಲಿಯೂ ಇರುವುದು ಒಂದೇ ಬಗೆಯ ರಾಸಾಯನಿಕ. ಈ ದ್ರಾಕ್ಷಿಯದು ಸ್ವಾರಸ್ಯದ ಕಥೆ. ಫ್ರಾನ್ಸಿನ ಬೋರ್ಡೊ ಪ್ರಾಂತದ ಈ ಹಳೆಯ ತಳಿ 19ನೆಯ ಶತಮಾನದ ಬೇರುಹೇನಿನ ಪಿಡುಗಿನ ಅನಂತರ ನಶಿಸಿತೆಂದೇ ತಿಳಿದಿದ್ದರು. ಅದಕ್ಕೆ ಮುಂಚೆಯೇ ಹಡಗೇರಿ ಚಿಲಿ ಸೇರಿದ್ದ ಬಳ್ಳಿಗಳು ಅಲ್ಲಿ ಮೆರ್ಲೊ ಎಂಬ ಬೇರೆ ಹೆಸರಿನಲ್ಲಿ ಬದುಕಿದ್ದವು. 1994ರಲ್ಲಿ ಜ್ಯಾಂ ಮಿಶೆಲ್ ಬೂರ್ಸಿಕೊ ಎಂಬ ಫ್ರೆಂಚ್ ತಜ್ಞ ಬಳ್ಳಿಯನ್ನು ನೋಡಿ ಗುರುತಿಸಿದ. ನೂರು ವರ್ಷ ಮತ್ತೊಬ್ಬನ ಹೆಸರಿನಲ್ಲಿ ಹಾಜರಿ ಹಾಕಿಸಿಕೊಂಡ ಹುಡುಗನನ್ನು ಒಬ್ಬ ಮೇಷ್ಟರು ಮುಖ ನೋಡಿ ಹಿಡಿದಂತೆ! ದೊಣ್ಣೆಮೆಣಸಿನಕಾಯಿಯ ಪಲ್ಯ, ಚಪಾತಿಯೊಡನೆ ಅದು ಚೆನ್ನಾಗಿ ಹೊಂದಿತು.

ಹೋಳಿಗೆಯೊಡನೆ ಸಿಹಿಯಿಲ್ಲದ ಬಿಳಿ ವೈನು ಕುಡಿದ ದಿನ ಅದು ಹುಳಿನೀರಿನಂತಾಯಿತು. ತಿನ್ನುವ ಸಿಹಿಗಿಂತ ಕುಡಿಯುವ ಸಿಹಿ ಒಂದು ಕೈ ಹೆಚ್ಚಿರಬೇಕು ಎಂಬ ನಿಯಮ ಹಾಗೆ ತಿಳಿಯಿತು. ಚಹಾದೊಡನೆ ಜಿಲೇಬಿ ತಿಂದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಇನ್ನೊಂದು ಮಾತು: ಆರ್ಟಿಚೋಕ್ ಎಂಬ ಅಲ್ಲಿನ ತರಕಾರಿಯನ್ನು ತಿಂದ ಮೇಲೆ ಯಾವ ವೈನೂ ತನ್ನ ರುಚಿಯಲ್ಲಿ ನಿಲ್ಲುವುದಿಲ್ಲ, ನೀರೂ ಸಿಹಿಯೆನಿಸುತ್ತದೆ. ಶಾಲೆಯ ಹಿಂದಿನ ಗುಡ್ಡದಲ್ಲಿ ನೆಲ್ಲಿಕಾಯಿ ತಿಂದು, ಓಡಿಬಂದು ನೀರು ಕುಡಿಯುತ್ತಿದ್ದ ನಿಮಗೆಲ್ಲ ಈ ಪ್ರಯೋಗ ಆಗಲೇ ಗೊತ್ತು.

ಎಲ್ಲದಕ್ಕಿಂತ ಸ್ಪಷ್ಟವಾಗಿ ಸೋತದ್ದು ಅಪ್ಪೆಹುಳಿಯ ಮುಂದೆ. ಮಾವಿನ ಮಿಡಿಯ ಆ ಹುಳಿಯ ಎದುರು ಎಲ್ಲ ವೈನೂ ಸಪ್ಪೆ. ತಂಬುಳಿಗೂ ಹಾಗೆಯೇ. ಯೋಚಿಸಿದಾಗ ಕಾರಣ ಹೊಳೆಯಿತು. ಅವರ ಊಟದಲ್ಲಿ ಒಂದು ಬಡಿಸಿ, ಮುಗಿದ ಮೇಲೆ ಮತ್ತೊಂದು ಬಡಿಸುತ್ತಾರೆ; ತಟ್ಟೆಯಲ್ಲಿ ಕೊರತೆಯಾದ ಹುಳಿಯನ್ನೋ ಒಗರನ್ನೋ ಲೋಟ ತುಂಬಿಕೊಡುತ್ತದೆ. ನಮ್ಮ ಬಾಳೆಯೆಲೆಯ ಮೇಲೆ ಆರೂ ರಸಗಳು ಒಟ್ಟಿಗೇ ಕುಳಿತಿರುತ್ತವೆ. ತುಂಬಬೇಕಾದ ಜಾಗವೇ ಇಲ್ಲ. ಅದಕ್ಕೆ ಮಜ್ಜಿಗೆಯೇ ಸರಿ. ನಮ್ಮ ಎಲ್ಲ ಅಡುಗೆಗೂ ಒಂದೊಂದು ವೈನು ಹೊಂದಿಸಿ ಪಟ್ಟಿ ಮಾಡುವ ಇತ್ತೀಚಿನ ಉತ್ಸಾಹ ಅನಗತ್ಯವೆಂದು ನನ್ನ ಅಭಿಪ್ರಾಯ.

ಇನ್ನು ಬೆಲೆ ಮತ್ತು ಅಂಕಗಳ ವಿಚಾರ. ನಾನು ಅಂಕ ಕೊಟ್ಟೇ ಬದುಕಿದವನಾದ್ದರಿಂದ ಇದರಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ. 1978ರಲ್ಲಿ ವೈನ್ ಪತ್ರಿಕೆಯೊಂದನ್ನು ಆರಂಭಿಸಿದ ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್, ಶಾಲೆಯ ಉತ್ತರಪತ್ರಿಕೆಗೆ ಕೊಡುವಂತೆ ನೂರಕ್ಕೆ ಇಂತಿಷ್ಟು ಎಂದು ಅಂಕ ಕೊಡುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದ. ಕನಿಷ್ಠ ಅಂಕ 50! ಅವನ ಶಾಲೆಯಲ್ಲಿ ಓದಬೇಕಿತ್ತೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಅಂಕ ಕೊಡುವವರ ನಾಲಿಗೆ ಎಷ್ಟು ಸ್ಥಿರ? ಕ್ಯಾಲಿಫೋರ್ನಿಯದ ನಿವೃತ್ತ ಪ್ರಾಧ್ಯಾಪಕ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅಲ್ಲಿನ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ತಿಳಿಸದೆ ಮೂರು ಸಲ ಕೊಟ್ಟರೆ, ಮೂರು ಸಲವೂ ಸರಿಸುಮಾರು ಒಂದೇ ದರ್ಜೆ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ. ಇದನ್ನು ಓದಿ ನನಗೆ ಮೌಲ್ಯಮಾಪನ ಕೇಂದ್ರದ ಬೇಸಿಗೆಯ ಮಧ್ಯಾಹ್ನಗಳು ನೆನಪಾದವು. ಊಟಕ್ಕೆ ಮುಂಚೆ ನೋಡಿದ ಉತ್ತರಪತ್ರಿಕೆಗೂ ಊಟವಾದ ಮೇಲೆ ನೋಡಿದ ಉತ್ತರಪತ್ರಿಕೆಗೂ ನನ್ನ ಕೆಂಪು ಶಾಯಿ ಒಂದೇ ನ್ಯಾಯ ಮಾಡಿತೆಂದು ಎದೆ ಮುಟ್ಟಿ ಹೇಳಲಾರೆ.

1976ರಲ್ಲಿ ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಹೆಸರು ಮುಚ್ಚಿಟ್ಟು ರುಚಿ ನೋಡಿಸಿದಾಗ ಫ್ರೆಂಚ್ ತೀರ್ಪುಗಾರರೇ ಬಿಳಿ, ಕೆಂಪು ಎರಡರಲ್ಲಿಯೂ ಮೊದಲ ಸ್ಥಾನವನ್ನು ಕ್ಯಾಲಿಫೋರ್ನಿಯಕ್ಕೆ ಕೊಟ್ಟರು. 2008ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 6,000ಕ್ಕೂ ಹೆಚ್ಚು ಇಂಥ ಹೆಸರು ಮುಚ್ಚಿದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ತರಬೇತಿಯಿಲ್ಲದ ಸಾಮಾನ್ಯರು ದುಬಾರಿ ವೈನನ್ನು ಹೆಚ್ಚು ಮೆಚ್ಚಲಿಲ್ಲ. ತುಸು ಕಡಿಮೆಯೇ ಮೆಚ್ಚಿದರು. ಅದೇ ವರ್ಷ ಕ್ಯಾಲಿಫೋರ್ನಿಯದ ಸಂಶೋಧಕರು ಒಂದೇ ವೈನನ್ನು ಒಮ್ಮೆ 5 ಡಾಲರಿನದೆಂದೂ ಒಮ್ಮೆ 45 ಡಾಲರಿನದೆಂದೂ ಹೇಳಿ ಕೊಟ್ಟರು. ಬೆಲೆ ಹೆಚ್ಚೆಂದು ಕೇಳಿದಾಗ ಜನರು ಹೆಚ್ಚು ರುಚಿಯೆಂದರು. ಅಷ್ಟೇ ಅಲ್ಲ, ಸುಖವನ್ನು ದಾಖಲಿಸುವ ಮಿದುಳಿನ ಭಾಗವೂ ಹೆಚ್ಚು ಚುರುಕಾಯಿತು. ಅಂದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಬೆಲೆಯ ಚೀಟಿಗೇ ರುಚಿಯಿತ್ತು! ದುಬಾರಿ ಶಾಲೆಯ ಶುಲ್ಕಕ್ಕೂ ಇಂಥ ರುಚಿಯುಂಟೆಂದು ನನಗೆ ಬಹುಕಾಲದ ಗುಮಾನಿ.

ನಮ್ಮ ನಾಡಿನ ಮಾತನ್ನೂ ಹೇಳಬೇಕು. ನಾವೆಲ್ಲ ಚಿಕ್ಕಂದಿನಲ್ಲಿ ತಿಂದ, ಸಿಪ್ಪೆ ಜಾರುವ, ಬೆಂಗಳೂರು ನೀಲಿ ದ್ರಾಕ್ಷಿ ಅಮೆರಿಕದ ಕಾಡುತಳಿಯ ವಂಶದ್ದು. ಅದರ ಗಾಢ ಪರಿಮಳವನ್ನು ಪಾಶ್ಚಾತ್ಯ ವೈನ್ ಪಂಡಿತರು ನರಿಯ ವಾಸನೆಯೆಂದು ಹೀಗಳೆಯುತ್ತಾರೆ. ನನಗಾದರೋ ದ್ರಾಕ್ಷಿಯೆಂದರೆ ಅದೇ ವಾಸನೆ. ನಾಲಿಗೆಯ ನೆನಪನ್ನು ಯಾವ ಪಂಡಿತರೂ ತಿದ್ದಲಾರರು. ನಂದಿಬೆಟ್ಟದ ತಪ್ಪಲಿನಲ್ಲಿ 1988ರಿಂದೀಚೆಗೆ ಫ್ರೆಂಚ್ ತಳಿಗಳ ದ್ರಾಕ್ಷಿಯನ್ನೂ ಬೆಳೆದು ವೈನ್ ತಯಾರಿಸುತ್ತಿದ್ದಾರೆ. ಇನ್ನೊಂದು ಸಂಗತಿ ಗಮನಿಸಿ. 2007ರ ಜುಲೈ 1ರಿಂದ ನಮ್ಮ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಅದೇ 2007ರಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಪ್ರೋತ್ಸಾಹವೆಂದು ವೈನ್ ನೀತಿಯೂ ಬಂತು. ಎರಡಕ್ಕೂ ಕಾರಣಗಳಿವೆ, ಎರಡನ್ನೂ ನಾನು ಆಕ್ಷೇಪಿಸುವುದಿಲ್ಲ. ಆದರೆ ಅಲ್ಲಿ ಬಡವನೂ ಕೊಳ್ಳಬಲ್ಲ ಬಾಟಲಿ ಇಲ್ಲಿ ಕೂಲಿಕಾರನ ಒಂದು ದಿನದ ದುಡಿಮೆಯನ್ನು ನುಂಗುತ್ತದೆ. ಆದ್ದರಿಂದ ವೈನು ನಾಗರಿಕತೆ, ಸಾರಾಯಿ ಅನಾಗರಿಕತೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅಂಥವರು ಎಣಿಸುವುದು ಮದ್ಯಸಾರವನ್ನಲ್ಲ, ಕುಡಿಯುವವನ ಜೇಬನ್ನು.

ಯುರೋಪಿನವರು ಊಟದೊಡನೆ ಕುಡಿಯುವುದರಿಂದ ಅಲ್ಲಿ ಕುಡಿತದ ಕೇಡಿಲ್ಲ ಎಂಬ ಮಾತನ್ನೂ ನಂಬಬೇಡಿ. ಫ್ರಾನ್ಸಿನ ಶಾಲೆಗಳ ಊಟದಲ್ಲಿ ಮಕ್ಕಳಿಗೂ ವೈನು ಕೊಡುವ ರೂಢಿಯಿತ್ತು. 14 ವರ್ಷದೊಳಗಿನವರಿಗೆ ಅದನ್ನು ನಿಷೇಧಿಸಿದ್ದು 1956ರಲ್ಲಿ! ನಮ್ಮ ಶಾಲೆಗಳಲ್ಲಿ ಮಕ್ಕಳು ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ತಿನ್ನುವುದಕ್ಕೆ ಕೆಲವೇ ವರ್ಷಗಳ ಹಿಂದಿನ ಮಾತು. ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲಿ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣ ಎಂಬುದೇ ಇಲ್ಲವೆಂದು ಹೇಳಿತು. ಕೆಂಪು ವೈನು ಹೃದಯಕ್ಕೆ ಒಳ್ಳೆಯದೆಂದು ಕೆಲವು ಬಂಧುಗಳು ಕಳುಹಿಸುವ ಸಂದೇಶಗಳನ್ನು ನಾನು ಒಪ್ಪುವುದಿಲ್ಲ. ನಾನು ಕುಡಿದದ್ದು ರುಚಿಗೆ, ಆರೋಗ್ಯಕ್ಕಲ್ಲ.

ಈಗ ಆ ವಿದ್ಯಾರ್ಥಿಯ ವಿಚಾರ. ತರಗತಿಯಲ್ಲಿ ನಾನು ಮಾಡುತ್ತಿದ್ದ ಒಂದು ಪ್ರಯೋಗ ನಿಮಗೆ ನೆನಪಿರಬಹುದು. ಮೊಟ್ಟೆಯ ಬಿಳಿ ಲೋಳೆಯ ಮೇಲೆ ಸ್ಪಿರಿಟ್ ಸುರಿದು, ಅದು ಹೆಪ್ಪುಗಟ್ಟುವುದನ್ನು ತೋರಿಸಿ, ಮದ್ಯ ದೇಹಕ್ಕೆ ಹೀಗೆ ಮಾಡುತ್ತದೆ ಎನ್ನುತ್ತಿದ್ದೆ. ಒಂದು ವರ್ಷ ಅಲ್ಲಿಗೆ ನಿಲ್ಲಿಸಲಿಲ್ಲ. "ನಿನ್ನೆ ಸಂತೆಯ ದಿನ ಬಸ್ ನಿಲ್ದಾಣದ ಬಳಿ ಬಿದ್ದಿದ್ದವರ ಹೊಟ್ಟೆಯೊಳಗೂ ಹೀಗೆಯೇ ಆಗಿದೆ" ಎಂದೆ. ಹುಡುಗರು ನಕ್ಕರು. ಎಲ್ಲರೂ ಮೂರನೆಯ ಸಾಲಿನ ಕಡೆಗೆ ತಿರುಗಿದಾಗ ಮಾತ್ರ, ಬಿದ್ದಿದ್ದವರು ಯಾರ ತಂದೆಯೆಂಬುದು ನನಗೆ ಹೊಳೆಯಿತು. ಗೊತ್ತಿರಲಿಲ್ಲವೆಂದು ಹೇಳಿದರೆ ಪೂರ್ತಿ ಸತ್ಯವಾಗದು, ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ಆ ಹುಡುಗ ಎರಡು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆಯೂ ನಾನು ಕ್ಷಮೆ ಕೇಳಲಿಲ್ಲ. ಮೇಷ್ಟರು ಕ್ಷಮೆ ಕೇಳುವ ಕಾಲ ಅದಾಗಿರಲಿಲ್ಲ ಎಂಬುದು ನೆಪ. ಕೆಲವು ವರ್ಷಗಳಲ್ಲಿ ಅವನ ತಂದೆ ತೀರಿಕೊಂಡರು. ಅವನು ಓದಿ, ತಮ್ಮಂದಿರನ್ನು ಓದಿಸಿ, ಇಂದು ಗೌರವದ ಬಾಳು ನಡೆಸುತ್ತಿದ್ದಾನೆ. ಮದ್ಯವನ್ನು ಎಂದೂ ಮುಟ್ಟಿದವನಲ್ಲ. ಮುರುಗಲ ಹಣ್ಣಿನ ಶರಬತ್ತು ತಾನೇ ಎಂದು ಕೇಳಿದವನು ಅವನೇ.

ಕುಡಿತ ಮನೆ ಮುರಿಯುತ್ತದೆ ಎಂದು ನಾನು ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ. ಒಂದು ತೊಟ್ಟಿನ ಆಸೆ ಹತ್ತು ತೊಟ್ಟಿಗೆ ಎಳೆಯುವ ದೇಹಪ್ರಕೃತಿಯವರಿದ್ದಾರೆ. ಅಂಥವರಿಗೆ ರುಚಿ ನೋಡುವುದೂ ಅಪಾಯ. ಯಾರ ಮನೆ ಅದರಿಂದ ನೊಂದಿದೆಯೋ ಅವರ ವ್ರತ ನನ್ನ ರಸಿಕತೆಗಿಂತ ದೊಡ್ಡದು. ನಾನು ಹಿಂದಕ್ಕೆ ಪಡೆಯುವುದು ಆ ಮಾತಿನೊಳಗಿದ್ದ ತಿರಸ್ಕಾರವನ್ನು. ಕುಡಿಯುವವನನ್ನು ಕೀಳೆಂದು ಕಾಣಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಮೂರು ತಿಂಗಳು ಬೆಚ್ಚಗಿನ ಮನೆಯಲ್ಲಿ, ಮಗಳು ಬಡಿಸಿದ ಊಟದ ಮುಂದೆ, ಎರಡು ಬೆರಳು ವೈನನ್ನು ಅರ್ಧ ಗಂಟೆ ಸವಿದವನು ನಾನು. ಬೆವರು ಒರೆಸಿಕೊಂಡು, ಹಸಿದ ಹೊಟ್ಟೆಯಲ್ಲಿ, ನಿಂತಲ್ಲಿಯೇ ಸಾರಾಯಿ ಪೊಟ್ಟಣವನ್ನು ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಳ್ಳುತ್ತಿದ್ದವನು ರುಚಿ ನೋಡುತ್ತಿರಲಿಲ್ಲ, ಏನನ್ನೋ ಮರೆಯುತ್ತಿದ್ದ. ಅವನ ಮುಂದೆ ಊಟವಿರಲಿಲ್ಲ. ಆ ವ್ಯತ್ಯಾಸವನ್ನು ನಾನು ಗುಣವೆಂದು ತಿಳಿದೆ, ಅದು ಬರಿಯ ಅದೃಷ್ಟವಾಗಿತ್ತು.

ಈ ಬರಹವನ್ನು ಓದಿ ಯಾರೂ ಹೊಸದಾಗಿ ಕುಡಿಯಲು ಆರಂಭಿಸಬೇಕಿಲ್ಲ. ರುಚಿಯ ಪಾಠಕ್ಕೆ ವೈನು ಬೇಕೇ ಬೇಕೆಂದಿಲ್ಲ ಎಂಬುದಕ್ಕೆ ನನ್ನ ಶ್ರೀಮತಿಯೇ ಸಾಕ್ಷಿ. ಇಂದು ಮಧ್ಯಾಹ್ನ ಹಾಲಿಲ್ಲದ ಕಡು ಚಹಾದ ಒಂದು ಗುಟುಕನ್ನು ಬಾಯಲ್ಲಿ ನಿಲ್ಲಿಸಿ ನೋಡಿ. ಒಗರು ಎಲ್ಲಿ ಹಿಡಿಯುತ್ತದೆ, ಒಂದು ಚೂರು ಕೊಬ್ಬರಿ ಅಗಿದ ಮೇಲೆ ಏನಾಗುತ್ತದೆ ಎಂದು ಗಮನಿಸಿ. ಕುಡಿಯುವ ರೂಢಿ ಈಗಾಗಲೇ ಇರುವವರು ಊಟವಿಲ್ಲದೆ ಕುಡಿಯಬೇಡಿ, ಬೆಲೆಯ ಚೀಟಿಯನ್ನು ಕುಡಿಯಬೇಡಿ, ಎರಡು ಬೆರಳು ದಾಟಬೇಡಿ.

ಊರಿಗೆ ಮರಳಿದ ವಾರವೇ ಆ ವಿದ್ಯಾರ್ಥಿಯ ಮನೆಗೆ ಹೋಗಿದ್ದೆ. ಮೂವತ್ತೆಂಟು ವರ್ಷ ತಡವಾಗಿ ಹೇಳಬೇಕಾದ ಮಾತನ್ನು ಹೇಳಿದೆ. ಅವನು, "ಸಾರ್, ಅದೆಲ್ಲ ಈಗ್ಯಾಕೆ" ಎಂದು ಎದ್ದು ಒಳಗೆ ಹೋದ. ಬರುವಾಗ ಅವನ ಕೈಯಲ್ಲಿ ಎರಡು ಲೋಟಗಳಿದ್ದವು. ಕೆಂಪಗೆ, ತಣ್ಣಗೆ, ಹುಳಿಯಾಗಿ, ಸಣ್ಣ ಒಗರಿನ ಮುರುಗಲ ಹಣ್ಣಿನ ಶರಬತ್ತು. ಜೊತೆಗೆ ಒಂದು ತಟ್ಟೆ ಕೋಡುಬಳೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡಿದ್ದೇನೆ. ಅಂಕ ಕೊಟ್ಟಿಲ್ಲ.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ನನ್ನ ನಿಲುವು ತಪ್ಪೆನಿಸಿದರೆ ಸಂಕೋಚವಿಲ್ಲದೆ ಬರೆಯಿರಿ. "ಇರಲಿ ಬಿಡಿ" ಎಂದು ಮಾತ್ರ ಬಿಡಬೇಡಿ.